ಶೀತೋಷ್ಣ ಕಲಹ ಮೀಮಾಂಸೆ, ಅರ್ಥಾತ್ ಎಸಿ ಹಾಕಿದೊಡನೆ ಕಾರಿನ ಎಂಜಿನ್ ನರಳುವುದೇಕೆ ಎಂಬ ವಿಚಾರ

ಪೀಠಿಕೆ

ಎಸಿ ಗುಂಡಿ ಒತ್ತಿದೊಡನೆ ಕಾರಿನ ಎಂಜಿನ್ ಏಕೆ ನಡುಗುತ್ತದೆ, ಏಕೆ ಕಾಯುತ್ತದೆ, ಏರಿನಲ್ಲಿ ಏಕೆ ಏದುಸಿರು ಬಿಡುತ್ತದೆ ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಉತ್ತರಗಳಿಗೇನೂ ಬರವಿಲ್ಲ. ಪಂಕ್ಚರ್ ಅಂಗಡಿಯ ಹುಡುಗನಿಂದ ಹಿಡಿದು ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತ ನಿವೃತ್ತ ಎಂಜಿನಿಯರರವರೆಗೆ ಎಲ್ಲರ ಬಳಿಯೂ ಒಂದೊಂದು ಸಿದ್ಧಾಂತವಿದೆ. ಇಲ್ಲದಿರುವುದು ಶಾಸ್ತ್ರ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಸಂಪ್ರದಾಯದಂತೆ ಅನುಬಂಧ ಚತುಷ್ಟಯವನ್ನು ಮೊದಲು ಹೇಳಿಬಿಡುತ್ತೇವೆ. ಅಧಿಕಾರಿ: ಸ್ವಂತ ಕಾರುಳ್ಳವನು, ಅದರ ಕಂತು ಇನ್ನೂ ತೀರದವನು. ವಿಷಯ: ಎಸಿ ಮತ್ತು ಎಂಜಿನ್ನಿನ ಜಗಳ. ಪ್ರಯೋಜನ: ಗ್ಯಾರೇಜಿನಲ್ಲಿ ಕೈಕಟ್ಟಿ ನಿಲ್ಲದಿರುವುದು. ಸಂಬಂಧ: ಬೆಲ್ಟು.

ಪೂರ್ವಪಕ್ಷ: ಗ್ಯಾಸ್‌ವಾದ

ಸಕಲ ರೋಗಕ್ಕೂ ಗ್ಯಾಸೇ ಮೂಲ, ಗ್ಯಾಸೇ ಮದ್ದು ಎನ್ನುವವರು ಗ್ಯಾಸ್‌ವಾದಿಗಳು. ಇವರ ವಾದಸರಣಿ ಸಂವಾದ ರೂಪದಲ್ಲಿ ಹರಿದುಬಂದಿದೆ.

“ಸಾರ್, ಗ್ಯಾಸ್ ಖಾಲಿ ಆಗಿದೆ.”

“ಹೋದ ಬೇಸಿಗೇಲಿ ತುಂಬ್ಸಿದ್ನಲ್ಲಪ್ಪಾ?”

“ಅದೇ ಸಾರ್, ಒಂದು ವರ್ಷ ಆಯ್ತಲ್ಲ.”

ಈ ಉತ್ತರದ ತಾರ್ಕಿಕ ಸೊಗಸನ್ನು ಗಮನಿಸಬೇಕು. ಪ್ರತಿವಾದಿಯ ಆಕ್ಷೇಪವನ್ನೇ ಇಲ್ಲಿ ಸ್ವಪಕ್ಷದ ಪ್ರಮಾಣವನ್ನಾಗಿ ಮಾಡಿಕೊಳ್ಳಲಾಗಿದೆ. ನಮ್ಮ ತರ್ಕಶಾಸ್ತ್ರದ ಮಹಾಮಹಿಮರಿಗೂ ಇದು ಹೊಳೆದಿರಲಾರದು.

ಖಂಡನೆ ಹೀಗಿದೆ. ಗ್ಯಾಸ್ ಪೆಟ್ರೋಲಿನಂತೆ ಉರಿದುಹೋಗುವ ವಸ್ತುವಲ್ಲ. ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಈ ದ್ರವ್ಯ ಸಾಧಾರಣ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಕಂಪ್ರೆಸರ್ ಅದನ್ನು ಹಿಂಡುತ್ತದೆ. ಕಂಡೆನ್ಸರ್‌ನಲ್ಲಿ ಅದು ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಆವಿಯಾಗಿ, ನಮ್ಮ ಸೆಕೆಯನ್ನು ಹೊತ್ತುಕೊಂಡು ಮತ್ತೆ ಕಂಪ್ರೆಸರ್‌ಗೆ ಬರುತ್ತದೆ. ಕೊಳವೆ ಮುಚ್ಚಿದ್ದು. ರಬ್ಬರ್ ಹೋಸುಗಳಿಂದ ಅಷ್ಟಿಷ್ಟು ಜಿನುಗುವುದುಂಟು, ಒಂದೇ ಬೇಸಿಗೆಯಲ್ಲಿ ಬರಿದಾಗುವಷ್ಟಲ್ಲ. ಬರಿದಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸು ಮುಂದಿನ ಬೇಸಿಗೆಯ ಬಿಲ್ಲಿಗೆ ಕೊಟ್ಟ ಮುಂಗಡ.

ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ಚಿಕ್ಕ ಕಾರಿಗೆ ಬೇಕಾಗುವುದು ಅರ್ಧ ಕಿಲೋದ ಆಸುಪಾಸಿನ ಗ್ಯಾಸು. ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಆ ಚೀಟಿಯನ್ನು ನೋಡದೆ, ಪೈಪನ್ನು ಮುಟ್ಟಿ, ಕಣ್ಣು ಮುಚ್ಚಿ, “ಇನ್ನೊಂಚೂರು ಹೋಗ್ಲಿ” ಎನ್ನುವವರು ತುಂಬಿಸಿದಾಗ ಒಳಗಿನ ಒತ್ತಡ ಏರುತ್ತದೆ. ಕಂಪ್ರೆಸರ್ ತಿರುಗಲು ಹೆಣಗುತ್ತದೆ, ಅದನ್ನು ತಿರುಗಿಸಬೇಕಾದ ಎಂಜಿನ್ ಅದಕ್ಕಿಂತ ಹೆಚ್ಚು ಹೆಣಗುತ್ತದೆ. ಹೀಗೆ ಗ್ಯಾಸ್‌ವಾದಿಗಳು ರೋಗಕ್ಕೆ ಮೊದಲೇ ಮದ್ದು ಕೊಟ್ಟು, ಆ ಮದ್ದಿನಿಂದಲೇ ರೋಗವನ್ನು ಸಿದ್ಧಪಡಿಸಿಕೊಳ್ಳುತ್ತಾರೆ.

ಸಂಬಂಧ ನಿರ್ಣಯ

ಎಂಜಿನ್ ಮತ್ತು ಎಸಿ ಒಂದೆಯೋ ಬೇರೆಬೇರೆಯೋ ಎಂಬ ಪ್ರಶ್ನೆಯನ್ನು ಬಾನೆಟ್ ತೆರೆದೇ ಇತ್ಯರ್ಥಪಡಿಸಬೇಕು. ಗಾಡಿ ಚಾಲೂ ಇರಲಿ, ಎಸಿ ಆಫ್ ಇರಲಿ, ಪಂಚೆ, ಸೆರಗು, ಬೆರಳು ದೂರವಿರಲಿ. ಕ್ರ್ಯಾಂಕ್‌ಶಾಫ್ಟಿನ ಪುಲ್ಲಿ ಬೆಲ್ಟನ್ನು ಎಳೆಯುತ್ತದೆ, ಬೆಲ್ಟು ಕಂಪ್ರೆಸರ್ ಪುಲ್ಲಿಯನ್ನು ತಿರುಗಿಸುತ್ತದೆ. ಆದರೆ ಆ ಪುಲ್ಲಿಯ ಮುಖದ ಮೇಲಿನ ದುಂಡು ತಟ್ಟೆ ಮಾತ್ರ ಅಲ್ಲಾಡದೆ ನಿಂತಿರುತ್ತದೆ. ಎರಡರ ನಡುವೆ ಒಂದು ಮಿಲಿಮೀಟರ್ ಕೂಡ ಇಲ್ಲದ ಸಂದು. ಈಗ ಒಳಗೆ ಕೂತವರು ಎಸಿ ಗುಂಡಿ ಒತ್ತಲಿ. ‘ಟಕ್’ ಎಂಬ ಸದ್ದು. ಅಯಸ್ಕಾಂತದ ಕ್ಲಚ್ಚು ತಟ್ಟೆಯನ್ನು ಸೆಳೆದುಕೊಂಡಿತು, ತಟ್ಟೆ ಪುಲ್ಲಿಯೊಡನೆ ಸುತ್ತತೊಡಗಿತು.

ಆದ್ದರಿಂದ ಸಿದ್ಧಾಂತ: ಗುಂಡಿ ಬಿಟ್ಟರೆ ದ್ವೈತ, ಒತ್ತಿದರೆ ಅದ್ವೈತ. ಹೊಸ ಮಾದರಿಯ ಕೆಲವು ಕಂಪ್ರೆಸರುಗಳಲ್ಲಿ ಕ್ಲಚ್ಚೇ ಇಲ್ಲ. ಸದಾ ಎಂಜಿನ್ನಿನೊಡನೆ ಕೂಡಿಯೇ ತಿರುಗುತ್ತ, ಒಳಗಿನ ಓರೆ ತಟ್ಟೆಯ ಕೋನ ಬದಲಿಸಿಕೊಂಡು ದುಡಿಮೆ ಹೆಚ್ಚುಕಡಿಮೆ ಮಾಡಿಕೊಳ್ಳುವ ಇವು ವಿಶಿಷ್ಟಾದ್ವೈತಕ್ಕೆ ಸೇರಿದವು. ಎಲೆಕ್ಟ್ರಿಕ್ ಕಾರಿನವರು ಎಂಜಿನ್ ಎಂಬುದೇ ಇಲ್ಲವೆನ್ನುತ್ತಾರೆ. ಆ ಶೂನ್ಯವಾದಿಗಳಿಗೆ ಈ ಪ್ರಬಂಧದಲ್ಲಿ ಪ್ರವೇಶವಿಲ್ಲ.

ಐತಿಹ್ಯ

ಕೇವಲಾದ್ವೈತದ ಕಾಲವೂ ಒಂದಿತ್ತು. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಎಸಿ ಅಳವಡಿಸಿದಾಗ ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ಚಳಿಯಾದರೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಿತ್ತು. ಬಂಧ, ಮೋಕ್ಷ ಎರಡೂ ಸ್ಪ್ಯಾನರಿನಲ್ಲಿದ್ದ ಯುಗವದು.

ಜಗಳಕ್ಕೆ ವಂಶದ ಹಿನ್ನೆಲೆಯೂ ಇದೆ. 1921ರಲ್ಲಿ ಎಂಜಿನ್ನಿನ ಕುಟ್ಟುವಿಕೆ ನಿಲ್ಲಿಸಲು ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದ ಥಾಮಸ್ ಮಿಜ್ಲಿ ಎಂಬ ಎಂಜಿನಿಯರನೇ, ಮುಂದೆ ಆರ್-12 ಎಂಬ ತಂಪುಗ್ಯಾಸನ್ನು ರೂಪಿಸಿದ ತಂಡದ ಮುಂದಾಳು. ಗ್ಯಾಸು ನಿರಪಾಯಕಾರಿ ಎಂದು ತೋರಿಸಲು 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಎದೆ ತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೋಂಬತ್ತಿ ಆರಿಸಿದನಂತೆ. ಸೀಸ ಜನರ ನೆತ್ತರಿಗೆ ಇಳಿಯಿತು, ಭಾರತದಲ್ಲಿ 2000ದಲ್ಲಿ ನಿಂತಿತು. ಆರ್-12 ಓಝೋನ್ ಪದರಕ್ಕೆ ತಟ್ಟಿತು, 1987ರ ಮಾಂಟ್ರಿಯಲ್ ಒಪ್ಪಂದದಿಂದ ಮೂಲೆಗೆ ಸರಿಯಿತು. ಎಂಜಿನ್ನಿಗೂ ಎಸಿಗೂ ಉಪಕಾರ ಮಾಡಿದವನು ಒಬ್ಬನೇ ಆದಮೇಲೆ ಇವೆರಡರದು ದಾಯಾದಿ ಮತ್ಸರವಲ್ಲದೆ ಮತ್ತೇನು?

ಸೂತ್ರಪಂಚಕ

ಸೂತ್ರ 1: ನಿಂತಾಗ ನಡುಗಿದರೆ ಥ್ರಾಟಲ್.

ವೃತ್ತಿ: ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ ನಿಮಿಷಕ್ಕೆ 700ರಿಂದ 900 ಸುತ್ತು ಹಾಕುತ್ತ ಬದುಕಿಗೆ ಎಷ್ಟು ಬೇಕೋ ಅಷ್ಟೇ ಉಸಿರಾಡುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಕಂಪ್ರೆಸರ್ ಹೆಗಲೇರಿದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಕೂಡಲೇ ಗಾಳಿಯ ದಾರಿಯನ್ನು ಕೊಂಚ ಅಗಲಿಸಬೇಕು. ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿದ್ದರೆ, ಐಡಲ್ ವಾಲ್ವ್ ಅಂಟಿಕೊಂಡಿದ್ದರೆ ಅದು ಆಗದು. ಪರೀಕ್ಷೆ: ಎಸಿ ಹಾಕಿ ಆರ್‌ಪಿಎಂ ಮುಳ್ಳು ನೋಡಿ. ಒಮ್ಮೆ ಬಾಗಿ, ಮರುಕ್ಷಣ ಚೇತರಿಸಿಕೊಂಡರೆ ಕ್ಷೇಮ. ಬಾಗಿದ್ದು ಮೇಲೇಳದೆ ಎಂಜಿನ್ ಆಫ್ ಆಗುವಂತಿದ್ದರೆ ಥ್ರಾಟಲ್ ಕ್ಲೀನ್ ಮಾಡಿಸಿ, ಸ್ಪಾರ್ಕ್ ಪ್ಲಗ್ ನೋಡಿಸಿ.

ಆಕ್ಷೇಪ: ಮುಳ್ಳು ಸರಿಯಾಗಿಯೇ ಇದೆ, ಸ್ಟೇರಿಂಗ್ ಮಾತ್ರ ನಡುಗುತ್ತದಲ್ಲ? ಸಮಾಧಾನ: ಎಂಜಿನ್ ಮೌಂಟಿಂಗ್ ರಬ್ಬರು ಸತ್ತಿದೆ. ನಡುಕ ಹಿಂದಿನಿಂದಲೂ ಇತ್ತು, ಎಸಿ ಅದನ್ನು ಬಯಲಿಗೆಳೆಯಿತು ಅಷ್ಟೇ.

ಸೂತ್ರ 2: ನಿಂತಾಗ ಕಾದು, ಓಡುವಾಗ ತಣಿದರೆ ಫ್ಯಾನ್.

ವೃತ್ತಿ: ನೈಸ್ ರಸ್ತೆಯಲ್ಲಿ ಮಂಜಿನಂತಿದ್ದ ಎಸಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಿಸಿ ಉಸಿರು ಬಿಟ್ಟು, ಜೊತೆಗೆ ಟೆಂಪರೇಚರ್ ಮುಳ್ಳೂ ಏರತೊಡಗಿದರೆ ಈ ಸೂತ್ರವನ್ನು ಸ್ಮರಿಸಬೇಕು. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನೇ ಗತಿ. ಎಸಿ ಹಾಕಿ ಬಾನೆಟ್ ಎತ್ತಿದರೆ ಫ್ಯಾನ್ ತಿರುಗುವುದು ಕಾಣಬೇಕು. ಕೆಲವು ಕಾರುಗಳಲ್ಲಿ ಬಿಟ್ಟು ಬಿಟ್ಟು ತಿರುಗುತ್ತದೆ, ಆದ್ದರಿಂದ ಒಂದೆರಡು ನಿಮಿಷ ಕಾಯಿರಿ. ಸುತ್ತಲೇ ಇಲ್ಲವೆಂದರೆ ಫ್ಯೂಸು, ರಿಲೇ, ಮೋಟಾರು, ಇದೇ ಕ್ರಮದಲ್ಲಿ ನೋಡಬೇಕು. ಅಗ್ಗದ್ದು ಮೊದಲು ಎಂಬುದು ಈ ಶಾಸ್ತ್ರದ ಪರಿಭಾಷೆ.

ಆಕ್ಷೇಪ: ತಂಪು ಮಾಡುವ ಯಂತ್ರದಿಂದ ಎಂಜಿನ್ ಕಾಯುವುದು ವಿರೋಧಾಭಾಸವಲ್ಲವೇ? ಸಮಾಧಾನ: ಅಲ್ಲ. ಶಾಖ ಸರ್ಕಾರಿ ನೌಕರನಂತೆ, ವಜಾ ಆಗುವುದಿಲ್ಲ, ವರ್ಗಾವಣೆಯಾಗುತ್ತದೆ. ಒಳಗಿನ ಶಾಖ ಬಂದು ಕೂರುವುದು ರೇಡಿಯೇಟರಿನ ಎದುರಿಗೇ ಇರುವ ಕಂಡೆನ್ಸರಿನಲ್ಲಿ. ಅದನ್ನು ಹಾದು ಬಿಸಿಯಾದ ಗಾಳಿಯೇ ರೇಡಿಯೇಟರಿನ ಪಾಲು. ಕಂಡೆನ್ಸರಿನ ತೆಳ್ಳನೆ ರೆಕ್ಕೆಗಳಲ್ಲಿ ಧೂಳು, ಸತ್ತ ಹುಳುಗಳು ತುಂಬಿದ್ದರೆ ಆ ಗಾಳಿಯೂ ಇಲ್ಲ. ಕಾವು ಮಿತಿಮೀರಿದರೆ ಇಸಿಯು ತಾನೇ ಎಸಿಯನ್ನು ಕಡಿದುಹಾಕಿ ಎಂಜಿನ್ನಿನ ಪಕ್ಷ ವಹಿಸುತ್ತದೆ. ಆಗ ಗಾಡಿ ಬದಿಗೆ ನಿಲ್ಲಿಸಿ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತಿರುಗಿಸುವುದು ಶಾಸ್ತ್ರನಿಷಿದ್ಧ. ಮುಖ ಬೆಂದೀತು.

ಸೂತ್ರ 3: ಒತ್ತಿದಾಗ ಕಿರುಚಿದರೆ ಬೆಲ್ಟು, ಒತ್ತದೆಯೂ ಗೊರಗುಟ್ಟಿದರೆ ಬೇರಿಂಗ್.

ವೃತ್ತಿ: ಸಡಿಲವಾದ, ಹೊಳಪೇರಿ ನುಣುಪಾದ ಬೆಲ್ಟು ಭಾರ ಬಿದ್ದೊಡನೆ ಜಾರಿ ಚೀರುತ್ತದೆ. ಪುಲ್ಲಿಯಂತೂ ಎಸಿ ಇರಲಿ ಬಿಡಲಿ ಸುತ್ತುತ್ತಲೇ ಇರುತ್ತದೆ. ಆದಕಾರಣ ಅದರ ಬೇರಿಂಗ್ ಸವೆದರೆ ಎಸಿ ಆಫ್ ಇದ್ದಾಗಲೂ ಸದ್ದು. ಇದನ್ನು ಅಲಕ್ಷಿಸುವಂತಿಲ್ಲ. ಅನೇಕ ಕಾರುಗಳಲ್ಲಿ ಆಲ್ಟರ್ನೇಟರ್, ವಾಟರ್ ಪಂಪ್ ಎಲ್ಲವೂ ಇದೇ ಬೆಲ್ಟಿನ ಆಶ್ರಿತರು. ಕಂಪ್ರೆಸರ್ ಜಾಮ್ ಆಗಿ ಬೆಲ್ಟು ಹರಿದರೆ ಸೆಕೆಯ ಪ್ರಶ್ನೆ ಬದಿಗೆ ಸರಿದು ಟೋಯಿಂಗ್ ಗಾಡಿಯ ಪ್ರಶ್ನೆ ಏಳುತ್ತದೆ.

ಸೂತ್ರ 4: ಏರಿನಲ್ಲಿ ಸೋತರೆ ಸ್ವಭಾವ.

ವೃತ್ತಿ: ಇದು ರೋಗವಲ್ಲ. 796 ಸಿಸಿಯ ಮಾರುತಿ 800ರ ಶಕ್ತಿ ಸುಮಾರು 37 ಕುದುರೆಗಳದು. ಅದರಲ್ಲಿ ಎರಡು-ಮೂರನ್ನು ಕಂಪ್ರೆಸರ್ ಬಿಚ್ಚಿಕೊಂಡು ಹೋದಮೇಲೆ, ನಾಲ್ಕು ಜನ, ಎರಡು ಸೂಟ್‌ಕೇಸು, ಒಂದು ಚೀಲ ಗೇರುಬೀಜ ಹೊತ್ತು ಆಗುಂಬೆ ಘಾಟಿಯ ತಿರುವು ಏರುವಾಗ ಎಂಜಿನ್ ಗೊಣಗುವುದು ನ್ಯಾಯವೇ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಎಷ್ಟೋ ಕಾರುಗಳ ಇಸಿಯು ಕೆಲವು ಕ್ಷಣ ಎಸಿಯನ್ನು ತಾನಾಗಿ ಬಿಡುತ್ತದೆ. ಗಾಳಿ ಬೆಚ್ಚಗಾಯಿತೆಂದು ಹಿಂದಿನ ಸೀಟಿನ ಅತ್ತೆಯವರು ಆಕ್ಷೇಪಿಸಿದರೆ ಆ ಆಕ್ಷೇಪಕ್ಕೆ ಈ ಶಾಸ್ತ್ರದಲ್ಲಿ ಸಮಾಧಾನವಿದೆ, ಮನೆಯಲ್ಲಿ ಇಲ್ಲ.

ಸೂತ್ರ 5: ಟಕ್‌ಟಕ್ ಎಂದು ಬಂದುಹೋದರೆ ಒತ್ತಡ.

ವೃತ್ತಿ: ಕೊಳವೆಯೊಳಗಿನ ಒತ್ತಡ ತೀರ ಇಳಿದರೂ, ತೀರ ಏರಿದರೂ ಕಂಪ್ರೆಸರನ್ನು ನಿಲ್ಲಿಸಲು ಪ್ರೆಷರ್ ಸ್ವಿಚ್ ಇರುತ್ತದೆ. ಗ್ಯಾಸು ಕಡಿಮೆಯಾದಾಗ ಕ್ಲಚ್ಚು ಕ್ಷಣಕ್ಷಣಕ್ಕೂ ಹಿಡಿದು ಬಿಡುತ್ತದೆ, ಪ್ರತಿ ಸಲವೂ ಎಂಜಿನ್ ಬೆಚ್ಚುತ್ತದೆ. ಇಲ್ಲಿ ಗ್ಯಾಸ್‌ವಾದಿಗಳ ಮಾತು ಅರ್ಧ ನಿಜ. ಉಳಿದರ್ಧವನ್ನು ಸೋರಿಕೆ ಪರೀಕ್ಷೆ ಪೂರೈಸಬೇಕು. ತುಂಬುವ ಮೊದಲು ವ್ಯಾಕ್ಯೂಮ್ ಹಾಕಿ ಗಾಳಿ, ತೇವ ಎರಡನ್ನೂ ಹೊರಗೆಳೆಯಲಿ, ಮೇಲೆ ಹೇಳಿದ ಚೀಟಿಯಂತೆ ಗ್ರಾಂ ಲೆಕ್ಕದಲ್ಲಿ ತೂಗಿ ತುಂಬಲಿ.

ಅಪವಾದ: ನಿಂತ ಗಾಡಿಯ ಕೆಳಗೆ ನೀರು ತೊಟ್ಟಿಕ್ಕಿದರೆ ಗಾಬರಿಯಾಗಬಾರದು. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲದ ಆ ನೀರು ಎಸಿ ಹಿಂಡಿ ಹಾಕಿದ ಗಾಳಿಯ ತೇವ. ಹಸಿರು ಅಥವಾ ಕೆಂಪು ಬಣ್ಣವಿದ್ದು ಬೆರಳಿಗೆ ಜಾರಿದರೆ ಅದು ಕೂಲೆಂಟ್. ಆಗ ಗಾಬರಿ ವಿಹಿತ.

ನಿಗಮನ

ಐದೂ ಸೂತ್ರಗಳು ಸೇರಿ ಹೇಳುವುದು ಒಂದೇ ಮಾತು. ಗ್ಯಾರೇಜಿಗೆ ಹೋದಾಗ ರೋಗದ ಹೆಸರು ಹೇಳಬೇಡಿ, ರೋಗದ ಹೊತ್ತು ಹೇಳಿ. “ಗ್ಯಾಸ್ ನೋಡಪ್ಪ” ಎಂದರೆ ಗ್ಯಾಸನ್ನೇ ನೋಡುತ್ತಾರೆ, ಅದರ ಬಿಲ್ಲನ್ನು ನೀವು ನೋಡುತ್ತೀರಿ. “ನಿಂತಾಗ ಕಾಯುತ್ತೆ, ಓಡುವಾಗ ಸರಿಯಿರುತ್ತೆ” ಎಂದರೆ ಬಲ್ಲ ಮೆಕ್ಯಾನಿಕ್ ನೇರ ಫ್ಯಾನಿನ ಮುಂದೆ ಹೋಗಿ ನಿಲ್ಲುತ್ತಾನೆ. ಹಾಗೆ ಹೇಳಿದ ಮೇಲೂ ಗ್ಯಾಸಿನ ಸಿಲಿಂಡರನ್ನೇ ಉರುಳಿಸಿಕೊಂಡು ಬಂದವನಿಗೆ ವಂದಿಸಿ ಬೇರೆ ಗುರುವನ್ನು ಆಶ್ರಯಿಸುವುದು.

ಫಲಶ್ರುತಿ

ಈ ಪ್ರಬಂಧವನ್ನು ಬೇಸಿಗೆಗೆ ಮುನ್ನ ಪಾರಾಯಣ ಮಾಡುವವರ ಮುಳ್ಳು ಏರದು, ಬೆಲ್ಟು ಚೀರದು. ಗ್ಯಾರೇಜಿನಲ್ಲೇ ನಿಂತು ಗಟ್ಟಿಯಾಗಿ ಓದುವವರಿಗೆ ಲೇಬರ್ ಚಾರ್ಜ್ ಹೆಚ್ಚಾಗುವ ಸಂಭವವುಂಟು. ಗ್ಲೋವ್ ಬಾಕ್ಸಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬಯಸುವವರು ಗಮನಿಸಿ: ಬಹಳಷ್ಟು ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇರುವುದು ಆ ಪೆಟ್ಟಿಗೆಯ ಹಿಂದೆಯೇ. ಮೊದಲು ಅದನ್ನು ಹೊರಗೆಳೆದು ಧೂಳು ಝಾಡಿಸಿ. ತಂಪು ಸಾಲದೆಂಬ ದೂರು ಎಷ್ಟೋ ಸಲ ಅಲ್ಲಿಗೇ ಮುಗಿದು, ಎಂಜಿನ್ನಿನ ತನಕವೂ ಹೋಗದೆ, ಈ ಗ್ರಂಥ ನಿರರ್ಥಕವಾಗುತ್ತದೆ.