ಎಲ್ಲರೂ ಹೊರಡಿ!

ಮನೆಮಂದಿಯನ್ನೆಲ್ಲ ಒಂದೇ ಕೂಗಿಗೆ ಮದುವೆಗೆ ಹೊರಡಿಸಿದ ಯಜಮಾನನನ್ನು ನಾನಂತೂ ಕಂಡಿಲ್ಲ. ಲಿನಕ್ಸ್ ಕರ್ನಲ್ ಆ ಕೂಗನ್ನು ಹಾಕಿಸಬಲ್ಲದು. ಹತ್ತಿರ ಹೋಗಿ ನೋಡಿದರೆ ಅಲ್ಲೂ ನಮ್ಮ ಮನೆಯ ಕಥೆಯೇ.

'ಕಿಲ್' ಎಂಬ ಸಿಸ್ಟಮ್ ಕಾಲ್‌ಗೆ ಒಂದು ಪ್ರೋಸೆಸ್ಸಿನ ನಂಬರ್ ಕೊಟ್ಟರೆ ಸಿಗ್ನಲ್ ಅದೊಂದಕ್ಕೇ ಹೋಗುತ್ತದೆ. ಮೈನಸ್ 1 ಕೊಟ್ಟರೆ ಎಲ್ಲರಿಗೂ. ಆದರೆ ಈ 'ಎಲ್ಲರಲ್ಲಿ' ಕೆಲವರು ಸೇರಿಲ್ಲ. 1ನೇ ನಂಬರಿನ ಇನಿಟ್ ಸೇರಿಲ್ಲ. ಅದು ಮನೆಯ ಅಜ್ಜಿ, ಎಬ್ಬಿಸುವ ಧೈರ್ಯ ಯಾರಿಗಿದೆ? ಕೂಗುವವನಿಗೆ ಅಧಿಕಾರವಿಲ್ಲದವರೂ ಸೇರಿಲ್ಲ. ರೂಟ್ ಅಲ್ಲದವನ ಮಾತು ಬೇರೆಯವರ ಪ್ರೋಸೆಸ್ಸಿಗೆ ತಾಗುವುದಿಲ್ಲ, ನನ್ನ ಮಾತು ಭಾವನಿಗೆ ತಾಗದ ಹಾಗೆ. ಕೊನೆಯದಾಗಿ, ಲಿನಕ್ಸಿನಲ್ಲಿ ಕೂಗಿದವನೂ ಸೇರಿಲ್ಲ! "ಎಲ್ಲರೂ ಹೊರಡಿ" ಎಂದು ಅಬ್ಬರಿಸುವಾತ ಇನ್ನೂ ಬನಿಯನ್ನಿನಲ್ಲೇ ಇರುವುದನ್ನು ಕರ್ನಲ್ ಕಾನೂನಾಗಿಯೇ ಬರೆದಿಟ್ಟಿದೆ.

ಸಿಸ್ಟಮ್ ಶಟ್‌ಡೌನ್ ಆಗುವಾಗ ಮೊದಲು ಬರುವುದು 15ನೇ ಸಿಗ್ನಲ್, ಸಿಗ್‌ಟರ್ಮ್. ಇದು ಸೌಜನ್ಯದ ಕರೆ: ಫೈಲು ಮುಚ್ಚಿ, ಹರಡಿದ್ದನ್ನು ಎತ್ತಿಡಿ, ಹೊರಡಿ. ಕೆಲವರು ಎದ್ದು ನಡೆಯುತ್ತಾರೆ, ಕೆಲವರು "ಬಂದೆ ಬಂದೆ" ಅನ್ನುತ್ತ ಕೂತೇ ಇರುತ್ತಾರೆ. ಸ್ವಲ್ಪ ಹೊತ್ತು ಕಾದ ಮೇಲೆ 9ನೆಯದು, ಸಿಗ್‌ಕಿಲ್. ಇದನ್ನು ಕೇಳಿಸದ ಹಾಗೆ ನಟಿಸಲು ಬರುವುದಿಲ್ಲ. ಆದರೂ ಡಿಸ್ಕಿಗಾಗಿ ಕಾಯುತ್ತ ಗಾಢನಿದ್ರೆಯಲ್ಲಿರುವ ಪ್ರೋಸೆಸ್ ಒಂದಿರುತ್ತದೆ. ಅದು ತಾನಾಗಿ ಏಳುವವರೆಗೆ 9ನೆಯದೂ ಬಾಗಿಲ ಹೊರಗೇ. ನಮ್ಮಲ್ಲಿ ಆ ಬಾಗಿಲು ಬಚ್ಚಲುಮನೆಯದು.

ಒಂದು ವಿಷಯದಲ್ಲಿ ಮಾತ್ರ ಕರ್ನಲ್ ನಮಗಿಂತ ಜಾಣ. ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುವಾಗ ಅದು ಪಟ್ಟಿಗೆ ಬೀಗ ಹಾಕಿಕೊಳ್ಳುತ್ತದೆ, ನಡುವೆ ಹೊಸಬರು ನುಸುಳುವಂತಿಲ್ಲ. ಆ ಹೊತ್ತಿಗೆ ಸರಿಯಾಗಿ ಫೋರ್ಕ್ ಮಾಡಿ ಮರಿ ಪ್ರೋಸೆಸ್ ಹುಟ್ಟಿಸಲು ಹೊರಟವನಿಗೂ, "ಮೊದಲು ಬಂದ ಸಿಗ್ನಲ್ ನೋಡಪ್ಪ, ಹೆರಿಗೆ ಆಮೇಲೆ" ಎನ್ನುತ್ತದೆ. ಇಲ್ಲದಿದ್ದರೆ ಅಪ್ಪ ಹೋದರೂ ಕರೆಯೇ ಕೇಳಿಸದ ಮಗ ಉಳಿದುಬಿಡುತ್ತಿದ್ದ.

ಇಷ್ಟೆಲ್ಲ ಆದ ಮೇಲೆ ಫಲಿತಾಂಶ? ಕೈಪಿಡಿಯ ಪ್ರಕಾರ ಒಬ್ಬನಿಗಾದರೂ ಸಿಗ್ನಲ್ ತಲುಪಿದ್ದರೆ ಉತ್ತರ ಸೊನ್ನೆ, ಅಂದರೆ ಯಶಸ್ಸು. ತಲುಪಿದ್ದರೆ ಸಾಕು, ಹೊರಟನೋ ಇಲ್ಲವೋ ಎಂಬ ವಿಚಾರಣೆಯೇ ಇಲ್ಲ. ಈ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ನನ್ನ ಆಜ್ಞೆ ಇಂದಿನವರೆಗೆ ಒಮ್ಮೆಯೂ ಸೋತಿಲ್ಲ.