ಸಂದು ಬಿಡದ ಯಜಮಾನರು

ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಪಕ್ಕದವನ ಕಡೆಗೆ ಸರಿಸುವ ಯಜಮಾನರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರಾಗಿ ಕೂರುವವರೂ, ರಾಗಿ ಅಳೆಸಿಕೊಳ್ಳುವಾಗ ಸೇರಿನ ಮೇಲೆ ಗೋಪುರ ಕಟ್ಟಿಸಿಕೊಳ್ಳುವವರೂ ಇವರೇ. ಖಾಲಿ ಜಾಗ ಕಂಡರೆ ಇವರಿಗೆ ಸಂಕಟ. ಇಂಥವರ ಟ್ರ್ಯಾಕ್ಟರು ಇಂಜಿನ್ ಕೆಲಸಕ್ಕೆ ಬಂದ ದಿನ ನೀವು ಗ್ಯಾರೇಜಿನಲ್ಲಿರಬೇಕು.

ಮಂಡ್ಯದ ಕಡೆಯ ಯಜಮಾನರಾದರೆ ಹಳೇ ಮ್ಯಾಸಿ 1035 ಇಟ್ಟುಕೊಳ್ಳಿ. ಅದರ ಮೂರು ಸಿಲಿಂಡರಿನ ಸಿಂಪ್ಸನ್ ಇಂಜಿನ್ನು ಅಪ್ಪನ ಕಾಲದಲ್ಲಿ ಗದ್ದೆಯ ಕೆಸರು ತುಳಿದು, ಮಗನ ಕಾಲದಲ್ಲಿ ಕಬ್ಬಿನ ಲೋಡು ಎಳೆದು, ಈಗ ಡೀಸೆಲ್ಲಿನ ಜೊತೆಗೆ ಆಯಿಲನ್ನೂ ಕುಡಿದು ನೀಲಿ ಹೊಗೆ ಬಿಡುತ್ತಿರುತ್ತದೆ. ರೋಗ, ಔಷಧಿ, ಫೀಸು ಮೂರನ್ನೂ ಮನೆಯಲ್ಲೇ ತೀರ್ಮಾನಿಸಿಕೊಂಡು ಯಜಮಾನರು ಬಂದಿರುತ್ತಾರೆ: "ಬರೀ ರಿಂಗ್ ಹಾಕ್ಬುಡು ಮೇಸ್ತ್ರಿ, ಸಾಕು."

ಮೇಸ್ತ್ರಿ ಹೆಡ್ಡು ಬಿಚ್ಚಿ, ಲೈನರಿನ ಬಾಯಿಗಿಂತ ಸ್ವಲ್ಪ ಕೆಳಗೆ ಉಗುರು ಓಡಿಸಲು ಹೇಳುತ್ತಾನೆ. ಉಗುರು ತಡೆಯುತ್ತದೆ. ಮೇಲಿನ ರಿಂಗು ತಿರುಗಿ ಇಳಿಯುವ ಜಾಗ ಅದು. ಬೆಂಕಿ ಜಾಸ್ತಿ, ಆಯಿಲ್ ಕಡಿಮೆ. ಸಾಲದ್ದಕ್ಕೆ ಏರ್ ಕ್ಲೀನರಿನ ಬಟ್ಟಲಲ್ಲಿ ಆಯಿಲಿನ ಬದಲು ಗೋಡೆಗೆ ಮೆತ್ತಬಹುದಾದಂಥ ಮಣ್ಣು. ಒಳಗೆ ಹೋದ ಧೂಳು ಲೈನರನ್ನು ಉಜ್ಜಿ ಉಜ್ಜಿ ಮೆಟ್ಟಿಲು ಕೊರೆದಿದೆ. "ಹೊಸಾ ರಿಂಗು ಈ ಮೆಟ್ಲಿಗೆ ಬಡ್ದು ಮುರ್ದೋಯ್ತದೆ ಯಜಮಾನ್ರೇ. ಲೈನರು, ಪಿಸ್ಟನ್ನು ಎರಡೂ ಬದಲಾಯಿಸ್ಬೇಕು."

ಹೊಸ ಸೆಟ್ಟು ಬಂದಾಗ ಯಜಮಾನರು ಪಿಸ್ಟನ್ನನ್ನು ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ನೋಡುತ್ತಾರೆ. ಮೇಸ್ತ್ರಿಯ ಮೈಕ್ರೋಮೀಟರನ್ನು ಕಸಿದು ತಾವೇ ಹಿಡಿದು ನೋಡಿದರೆ ಎರಡು ಕಡೆ ಎರಡು ಅಳತೆ!

"ಇದು ರೌಂಡೇ ಇಲ್ವಲ್ಲ! ಸೆಕೆಂಡ್ಸ್ ಮಾಲು. ರೇಟು ಇಳಿಸಕ್ಕೇಳು."

ಪಿಸ್ಟನ್ನು ಹುಟ್ಟಾ ಅಂಡಾಕಾರ. ಪಿನ್ನಿನ ಕಡೆ ಲೋಹ ಹೆಚ್ಚಿರುವುದರಿಂದ ಕಾದಾಗ ಆ ಕಡೆಗೇ ಹೆಚ್ಚು ಊದಿಕೊಳ್ಳುತ್ತದೆ, ಆಮೇಲೆ ರೌಂಡಿಗೆ ಬರುತ್ತದೆ. ಬೆಂಕಿ ತಲೆಯ ಮೇಲೇ ಉರಿಯುವುದರಿಂದ ತಲೆ ಬುಡಕ್ಕಿಂತ ಸಣ್ಣ. ಹಾಗಾಗಿ ಅಳೆಯುವುದು ಕೆಳಗಿನ ಸ್ಕರ್ಟಿನಲ್ಲಿ, ಪಿನ್ನಿಗೆ ಅಡ್ಡಲಾಗಿ. ಮೇಸ್ತ್ರಿ ಇದನ್ನೆಲ್ಲ ತಾಳ್ಮೆಯಿಂದ ಹೇಳುತ್ತಾನೆ. "ಅಂಗಾದ್ರೆ ಕಾಯ್ಸಿ ರೌಂಡ್ ಮಾಡಿ ಕೊಡಕ್ಕೇಳು" ಎನ್ನುತ್ತಾರೆ ಯಜಮಾನರು. ರಿಂಗಿನ ತುದಿಗಳ ನಡುವಿನ ಸಂದು ಕಂಡದ್ದೇ ತಡ, ಮುರಿದ ಮಾಲಿನ ಮೇಲೆ ಇನ್ನೊಂದು ಡಿಸ್ಕೌಂಟು ಕೇಳಿಯೂ ಆಗಿರುತ್ತದೆ.

ನಿಜವಾದ ಯುದ್ಧ ಬ್ಲಾಕು ಬೋರಿಂಗಿಗೆ ಹೋಗುವ ಮುಂಚೆ. ಗೋಡೆಗೂ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗ ಬಿಡಬೇಕೆಂದು ಚೀಟಿಯಲ್ಲಿ ಬರೆಯಬೇಕು. ಇದರ ಲೆಕ್ಕ ಥೌನಲ್ಲಿ, ಇಂಚಿನ ಸಾವಿರದಲ್ಲೊಂದು ಪಾಲು. ಕಂಪನಿ ಕೊಟ್ಟ ಅಳತೆಯೇ ಕೊನೆಯ ಮಾತಾದರೂ, ಬೋರಿನ ಇಂಚಿಗೆ ಹತ್ತಿರ ಹತ್ತಿರ ಒಂದು ಥೌ ಎಂಬುದು ಗ್ಯಾರೇಜಿನ ಬಾಯಿಲೆಕ್ಕ. ಈ ಬೋರು 91.44 ಮಿ.ಮೀ., ಅಂದರೆ 3.6 ಇಂಚು. ಬಾಯಿಲೆಕ್ಕಕ್ಕೆ ನಾಲ್ಕು ಥೌ ಆಸುಪಾಸು, ಮಿಲಿಮೀಟರಿನ ಹತ್ತನೇ ಒಂದು ಪಾಲು.

"ಆರು ಥೌ ಬಿಡ್ಬೇಕು" ಎನ್ನುತ್ತಾನೆ ಮೇಸ್ತ್ರಿ.

"ಆರಾ! ದುಡ್ಡು ಕೊಟ್ಟು ಸಂದು ತಗೊಳ್ಳಾದಾ? ಎರಡು ಬಿಡು."

"ಅಲ್ಯೂಮಿನಿಯಂ ಕಣ್ರೀ. ಬೀಡಿನ ಎರಡರಷ್ಟು ಊದ್ಕತದೆ. ಎರಡು ಬಿಟ್ರೆ ಕಬ್ಬಿನ ಲೋಡಲ್ಲಿ ದಿಬ್ಬ ಹತ್ತೋವಾಗ ಲೈನರ್ ಕಚ್ಕಂಡು ಇಂಜಿನ್ ನಿಂತೋಯ್ತದೆ."

"ಎರಡೂವರೆ."

"ಐದು."

"ಜಾಸ್ತಿ ಬಿಟ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಪಿಸ್ಟನ್ ಟಕಟಕ ಅಂತದೆ, ನಂಗೂ ಗೊತ್ತು. ಮೂರು!" ಇದು ಯಜಮಾನರು ಇಡೀ ದಿನದಲ್ಲಿ ಆಡಿದ ಒಂದೇ ಸರಿಯಾದ ಮಾತು. ಅದಕ್ಕಾದರೂ ಬೆಲೆ ಕೊಡಬೇಕೆಂಬಂತೆ ಮೇಸ್ತ್ರಿ ನಿಟ್ಟುಸಿರಿಟ್ಟು, ತಲೆ ಕೆರೆದುಕೊಂಡು, "ಆಯ್ತು, ನಿಮ್ಮ ಮಾತಿಗೆ ನಾಲ್ಕು" ಎಂದು ಬರೆದ. ಪಕ್ಕದಲ್ಲಿದ್ದ ನಾನು ಚೀಟಿ ಇಸಿದುಕೊಂಡು ನೋಡಿದೆ. ಯಜಮಾನರು ಟ್ರ್ಯಾಕ್ಟರಿನಿಂದ ಇಳಿಯುವ ಮೊದಲೇ ಬರೆದಿಟ್ಟ ನಾಲ್ಕರ ಮೇಲೆ ಪೆನ್ನು ಇನ್ನೊಂದು ಸಲ ಓಡಿತ್ತು, ಅಷ್ಟೇ.

ಬೋರಿಂಗ್ ಆಗಿ ಬಂದಮೇಲೆ ಯಜಮಾನರು ಫೀಲರ್ ಗೇಜಿನ ನಾಲ್ಕು ಥೌ ಪಟ್ಟಿಯನ್ನು ತಾವೇ ಹಾಕಿ ಎಳೆದರು. ಬಿಗಿಯಾಗಿ, ಆದರೆ ಸಿಕ್ಕಿಕೊಳ್ಳದೆ ಬಂತು. "ಇನ್ನೂ ಅರ್ಧ ಇಳಿಸ್ತಿದ್ದೆ. ಪಾಪ, ಕೆಲಸದೋನು ಅಂತ ಬಿಟ್ಟೆ" ಎಂದರು ನನ್ನ ಕಡೆ ತಿರುಗಿ.

ಇಂಜಿನ್ನು ಹೊಗೆಯಿಲ್ಲದೆ ಗುಡುಗಿದಾಗ ಮೇಸ್ತ್ರಿ ಕೈ ಒರೆಸಿಕೊಂಡು, "ನೂರು ಗಂಟೆ ಫುಲ್ ಲೋಡ್ ಹಾಕ್ಬೇಡಿ" ಎಂದ. ಯಜಮಾನರು ಇಪ್ಪತ್ತೈದರಿಂದ ಶುರುಮಾಡಿದರು. ಟೀ ಬಂತು, ಲೋಟ ಖಾಲಿಯಾಯಿತು, ಐವತ್ತಕ್ಕೆ ಕುದುರಿತು. ಗೆದ್ದ ಖುಷಿಯಲ್ಲಿ ಯಜಮಾನರು ಸೀಟು ಹತ್ತಿ ಹೊರಟರು. ಆ ಟ್ರ್ಯಾಕ್ಟರಿನ ಗಂಟೆ ಮೀಟರು ಕೆಟ್ಟಿದ್ದು ಅವರಪ್ಪನ ಕಾಲದಲ್ಲಿ.