ಮೂಲೆಯಲ್ಲಿ ನಿಲ್ಲಲು ಅರ್ಜಿ

ಅಮೆರಿಕದಲ್ಲಿ ಡಾಕ್ಟರಾಗಬೇಕಾದರೆ ಮೊದಲು ಡಾಕ್ಟರ ಹಿಂದೆ ಸುಮ್ಮನೆ ನಿಂತು ರೂಢಿಯಾಗಿರಬೇಕಂತೆ. ನ್ಯೂಜೆರ್ಸಿಯಲ್ಲಿ ಮಗನ ಮನೆಗೆ ಬೇಸಿಗೆ ಕಳೆಯಲು ಹೋದಾಗ, ಹನ್ನೊಂದನೇ ತರಗತಿ ಮುಗಿಸಿದ್ದ ಮೊಮ್ಮಗಳು ನನಗೆ ಇದನ್ನು ತಿಳಿಸಿದಳು. ಶ್ಯಾಡೋಯಿಂಗ್ ಅನ್ನುತ್ತಾರೆ. ರೋಗಿಯನ್ನು ಮುಟ್ಟುವಂತಿಲ್ಲ, ಸಲಹೆ ಕೊಡುವಂತಿಲ್ಲ, ಮೂಲೆಯಲ್ಲಿ ನಿಂತು ನೋಡಬೇಕು. ಸಲಹೆ ಕೊಡದೆ ನಿಲ್ಲುವುದು ನಮ್ಮ ವಂಶದಲ್ಲಿ ಯಾರಿಗೂ ಸಾಧ್ಯವಾಗಿಲ್ಲ, ಹಾಗಾಗಿ ನನಗೆ ಸ್ವಲ್ಪ ಗಾಬರಿಯೇ ಆಯಿತು.

ನಮ್ಮಲ್ಲಿ ನೀಟ್‌ನ 720ಕ್ಕೆ ಎಷ್ಟು ಬಂತು ಅನ್ನುವುದೊಂದೇ ಪ್ರಶ್ನೆ. ಹುಡುಗ ರಕ್ತ ಕಂಡರೆ ಮೂರ್ಛೆ ಹೋಗುತ್ತಾನೋ ಎಂದು ಯಾರೂ ವಿಚಾರಿಸುವುದಿಲ್ಲ. ಸೀಟು ಸಿಕ್ಕಮೇಲೆ ಹೆಣ ಕೊಯ್ಯುವ ಕೋಣೆಯಲ್ಲಿ ಅದು ತಾನಾಗಿ ತಿಳಿಯುತ್ತದೆ. ಅಮೆರಿಕದಲ್ಲಿ ನಾಲ್ಕು ವರ್ಷ ಕಾಲೇಜು, ಎಂಸಿಎಟಿ ಪರೀಕ್ಷೆ, ಮತ್ತೆ ನಾಲ್ಕು ವರ್ಷ ಮೆಡಿಕಲ್, ಆಮೇಲೆ ರೆಸಿಡೆನ್ಸಿ. ಹೈಸ್ಕೂಲು ಮುಗಿಸಿದವರಿಗೇ ಎರಡೂ ಸೀಟು ಒಟ್ಟಿಗೆ ಕೊಡುವ ಬಿಎಸ್-ಎಂಡಿ ಕೋರ್ಸುಗಳೂ ಇವೆ. ಅದಕ್ಕೆ ಅರ್ಜಿ ಹಾಕುವವರು ಈ ವೃತ್ತಿಯ ಸುಖದುಃಖ ಕಣ್ಣಾರೆ ಕಂಡಿದ್ದೇವೆಂದು ತೋರಿಸಿದರೆ ಒಳ್ಳೆಯದು.

ಆದರೆ ಕಾಣಿಸುವವರು ಯಾರು? ಹುಡುಗಿ ಕಂಡ ಕಂಡ ಡಾಕ್ಟರಿಗೆಲ್ಲ ಈಮೇಲ್ ಕಳಿಸಿದಳು. ಚರ್ಮದವರು, ಮೂಳೆಯವರು, ಕೊನೆಗೆ ವಯಸ್ಸಾದವರ ವೈದ್ಯರೂ ಸುಮ್ಮನಾದರು. ಒಂದು ಆಸ್ಪತ್ರೆ ಹದಿನೆಂಟು ತುಂಬಲಿ ಎಂದಿತು. ಇನ್ನೊಂದಕ್ಕೆ ಹದಿನಾರು ಸಾಕಿತ್ತು. ಆದರೆ ಟಿಬಿ ಪರೀಕ್ಷೆ, ಲಸಿಕೆಗಳ ಪಟ್ಟಿ, ಅಪ್ಪ ಅಮ್ಮನ ಸಹಿ ಎಲ್ಲ ಬೇಕು. ನಾವೆಲ್ಲ ಕಾಯಿಲೆ ಇದೆಯೆಂದು ಆಸ್ಪತ್ರೆ ಸೇರಿದವರು. ಇವಳು ಕಾಯಿಲೆ ಇಲ್ಲವೆಂದು ಸರ್ಟಿಫಿಕೇಟ್ ತಂದು ಸೇರಬೇಕು. ಇದೇ ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿ 1944ರಲ್ಲಿ ಹೈಸ್ಕೂಲ್ ಹುಡುಗಿಯರು ಪಟ್ಟೆ ಬಟ್ಟೆಯ ಸಮವಸ್ತ್ರ ತೊಟ್ಟು ಆಸ್ಪತ್ರೆಯ ಸೇವೆಗೆ ನಿಂತು, ಕ್ಯಾಂಡಿ ಸ್ಟ್ರೈಪರ್ ಅನ್ನಿಸಿಕೊಂಡಿದ್ದರು. ಈಗ ಬಟ್ಟೆ ಹೊಲಿಸುವುದೇ ಸುಲಭದ ಭಾಗ.

ಇದೆಲ್ಲದರ ಮೇಲೆ ಹಿಪಾ. ರೋಗಿಯ ಗುಟ್ಟು ಕಾಯುವ 1996ರ ಕಾನೂನು. ಒಳಗೆ ಕೇಳಿದ್ದನ್ನು ಮನೆಯಲ್ಲಿ ಅಜ್ಜಿಗೂ ಹೇಳಬಾರದು ಎಂದು ಮೊಮ್ಮಗಳು ವಿವರಿಸಿದಾಗ ನನ್ನ ಹೆಂಡತಿಗೆ ಈ ವೃತ್ತಿಯ ಮೇಲಿದ್ದ ಆಸಕ್ತಿಯೇ ಹೊರಟುಹೋಯಿತು. ನಾನು ಹುಡುಗನಾಗಿದ್ದಾಗ ಮೈಸೂರಿನ ನಮ್ಮ ಬೀದಿಯ ಕ್ಲಿನಿಕ್ಕಿಗೆ ಬಾಗಿಲಿರಲಿಲ್ಲ, ಮೊಣಕಾಲಿನವರೆಗೆ ಇಳಿಬಿಟ್ಟ ಪರದೆ ಇತ್ತು. ಬೆಂಚಿನ ಮೇಲೆ ಕೂತವರಿಗೆಲ್ಲ ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಯಾರಿಗೆ ಮೂಲವ್ಯಾಧಿ, ಯಾರ ಹೊಟ್ಟೆ ಎಷ್ಟು ದಿನದಿಂದ ಕಟ್ಟಿದೆ ಎಂಬುದು ಇಡೀ ಬೀದಿಗೆ ಗೊತ್ತು. ರೋಗಿ ಹೊರಬರುವಷ್ಟರಲ್ಲಿ ಬೆಂಚು ಕಷಾಯ ಸೂಚಿಸುತ್ತಿತ್ತು. ಕಾಂಪೌಂಡರ್ ಕೆಂಪು ಮಿಕ್ಸ್ಚರ್ ಸುರಿದು, ಬಾಟಲಿಗೆ ಡೋಸಿನ ಕಾಗದ ಅಂಟಿಸುವುದನ್ನು ನೋಡಿ ನೋಡಿ ಒಬ್ಬ ಗೆಳೆಯ ಮನೆಯಲ್ಲಿ ತಂಗಿಗೆ ಶರಬತ್ತನ್ನು ಮೂರು ಹೊತ್ತಿಗೆ ಬರೆದುಕೊಟ್ಟಿದ್ದ.

ಕೊನೆಗೆ ಹುಡುಕಾಟ ಕನ್ನಡ ಕೂಟದ ಪಿಕ್ನಿಕ್ಕಿಗೆ ಬಂದು ನಿಂತಿತು. 1965ರ ವಲಸೆ ಕಾನೂನಿನ ನಂತರ ಹೋದ ನಮ್ಮ ಡಾಕ್ಟರುಗಳು ಅಲ್ಲಿ ಊರೂರಿಗೂ ಇದ್ದಾರೆ. ಹಿರಿಯ ಹೃದ್ರೋಗ ತಜ್ಞರೊಬ್ಬರು ಬಿಸಿಬೇಳೆಬಾತಿಗೆ ತಟ್ಟೆ ಹಿಡಿದು ಹೊರಟರೆ, ಪಾಪ, ಹಿಂದೆ ನಾಲ್ಕಾರು ಜನ. ಮಕ್ಕಳಲ್ಲ, ತಾಯಂದಿರು. ಡಾಕ್ಟರು ತಮ್ಮ ಆಸ್ಪತ್ರೆಯ ನಿಯಮ ಬಿಡುವುದಿಲ್ಲವೆಂದು ಹೇಳಿ, ಸ್ವಂತ ಕ್ಲಿನಿಕ್ ಇರುವ ಗೆಳತಿಯ ನಂಬರು ಕೊಟ್ಟು, ಬೂಂದಿ ಹಾಕಿಸಿಕೊಳ್ಳದೆಯೇ ತಪ್ಪಿಸಿಕೊಂಡರು.

ಆ ಮಹಾತಾಯಿ ಒಪ್ಪಿದರು. ಪ್ರತಿ ರೋಗಿಯನ್ನೂ "ಈ ವಿದ್ಯಾರ್ಥಿನಿ ಇಲ್ಲಿರಬಹುದೇ?" ಎಂದು ಕೇಳುವರು. ಬೇಡವೆಂದರೆ ಮೊಮ್ಮಗಳು ಹೊರಗೆ ಬಂದು ರಿಸೆಪ್ಷನಿಸ್ಟ್ ಪಕ್ಕ ಕೂರುವಳು. ಆಕೆ ಒಂದು ಸ್ಕ್ಯಾನಿಗೆ ವಿಮಾ ಕಂಪನಿಯ ಒಪ್ಪಿಗೆ ಪಡೆಯಲು ಫೋನ್ ಹಿಡಿದು, ಅದರಲ್ಲಿನ ಸಂಗೀತ ಕೇಳುತ್ತ ಕಾಯುತ್ತಿರುತ್ತಿದ್ದಳಂತೆ. ನನ್ನನ್ನು ಕೇಳಿದರೆ, ಒಳಗಿನ ಮೂಲೆಗಿಂತ ಆ ಕುರ್ಚಿಯಲ್ಲೇ ಹುಡುಗಿ ಅಮೆರಿಕದ ವೈದ್ಯಶಾಸ್ತ್ರವನ್ನು ಹೆಚ್ಚು ಕಲಿತಳು.

ಮನೆಗೆ ಬಂದರೆ ಬಾಯಿ ಬಿಡುತ್ತಿರಲಿಲ್ಲ. ನನ್ನ ಮಂಡಿಯ ವಿಚಾರಕ್ಕೆ ಮಾತ್ರ ಹಿಪಾ ಅಡ್ಡ ಬರಲಿಲ್ಲ.

"ತಾತ, ಒಂದರಿಂದ ಹತ್ತರೊಳಗೆ ನೋವು ಎಷ್ಟು?"

"ಮೆಟ್ಟಿಲು ಹತ್ತುವಾಗ ಎಂಟು, ನಿಮ್ಮಜ್ಜಿ ತರಕಾರಿ ತರಲು ಕಳಿಸಿದರೆ ಹತ್ತು, ಊಟಕ್ಕೆ ಕರೆದರೆ ಒಂದು."

ಗಂಭೀರವಾಗಿ ಬರೆದುಕೊಂಡಳು.